ಹೆಪ್‌ವರ್ತ್ ಹುಡುಗನ ಜಾಗ

"ಆ ಹೆಪ್‌ವರ್ತ್ ಹುಡುಗನನ್ನ ಫುಲ್‌ಬ್ಯಾಕ್ ಬಿಟ್ಟು ಬೇರೆಲ್ಲಿ ಆಡಿಸಿದ್ರೂ ಅದು ಶುದ್ಧ ಪೆದ್ದುತನ."

ಹಿಂದಿನ ಮೆಟ್ಟಿಲಿನಿಂದ ಗಂಡಸಿನ ಧ್ವನಿಯೊಂದು ಹೀಗೆ ಹೇಳಿದಾಗ ಹೇಜಲ್ ರಗ್ಬಿ ಮೈದಾನದ ಮೆಟ್ಟಿಲ ಮೇಲೆ ನಿಂತು ಟೀ ಕುಡಿಯುತ್ತಿದ್ದಳು. ಬಿಸಿ ಟೀ ನೆತ್ತಿಗೇರಿತು. ಕೆಮ್ಮಿ, ಕಣ್ಣೊರೆಸಿಕೊಂಡು, ತಿರುಗಿ ನೋಡಿದಳು. ಐವತ್ತರ ಆಸುಪಾಸಿನ ಉದ್ದನೆಯ ಮನುಷ್ಯ, ಕ್ಲಬ್ಬಿನ ಹಳದಿ ಮಫ್ಲರ್ ಸುತ್ತಿಕೊಂಡು ಊರಿಗೆಲ್ಲ ತೀರ್ಪು ಕೊಡುವವನ ಹಾಗೆ ನಿಂತಿದ್ದ.

"ಅವನು ಸ್ಟ್ಯಾಂಡ್‌ಆಫ್," ಎಂದಳು ಹೇಜಲ್. "ಮುಂದೆ ನಿಂತು ಆಟ ಕಟ್ಟೋನು. ಅವನ ಕೈ ನೋಡಿದ್ದೀರಾ? ಅಂಥ ಕೈ ಇಟ್ಕೊಂಡು ಎಲ್ಲರಿಗಿಂತ ಹಿಂದೆ ಒಬ್ಬನೇ ಕಾವಲು ಕಾಯ್ಬೇಕಾ?"

"ಕೈ ನೋಡೇ ಹೇಳ್ತಿರೋದು. ಆಕಾಶದಿಂದ ಬೀಳೋ ಚೆಂಡು ಹಿಡಿಯೋ ಕೈ ಅದು."

"ನಿಮಗೆ ಆಟ ಗೊತ್ತಿದ್ಯಾ?"

"ಚಿಕ್ಕಂದಿನಿಂದ ಇದೇ ಮೆಟ್ಟಿಲ ಮೇಲೆ ನಿಂತಿದ್ದೀನಿ ಕಣ್ರೀ."

"ಆ ಕಂಬಾನೂ ನಿಂತಿದೆ."

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಹೆಸರು ಡಂಕನ್ ಅಂತ ಹೇಳಿದ.

ಎಡವಟ್ಟಾಗಿದ್ದು ಅಲ್ಲೇ. "ಅವನು ನನ್ನ ಮಗ" ಎಂಬ ಒಂದು ಮಾತನ್ನು ಆಗಲೇ ಆಡಿಬಿಟ್ಟಿದ್ದರೆ ಸರಿಹೋಗುತ್ತಿತ್ತು. ಆಡಲಿಲ್ಲ. ಅದು ಸೆಪ್ಟೆಂಬರ್ ತಿಂಗಳು, ಸೀಸನ್ ಆಗಷ್ಟೇ ಶುರುವಾಗಿತ್ತು. ಆಮೇಲೆ ಹೇಳಲು ಹೋದರೆ, ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂಬ ಪ್ರಶ್ನೆಗೆ ಉತ್ತರ ಬೇಕಾಗುತ್ತಿತ್ತು.

ಉತ್ತರ ಅವಳಿಗೆ ಗೊತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ ಅಷ್ಟೆ. ಗಂಡ ಬಿಟ್ಟುಹೋದ ಮೇಲೆ ತವರಿನ ಹೆಸರಿಗೆ ಮರಳಿದ್ದಳು; ಮಗನಿಗೆ ಮಾತ್ರ ಹೆಪ್‌ವರ್ತ್ ಹೆಸರು ಉಳಿದಿತ್ತು. ಹಿಂದಿನ ವರ್ಷ ಊರಿನ ಗಣಿ ಮುಚ್ಚಿತು. ಅಂದಿನಿಂದ ಹೆಕ್ಸ್‌ಲಿಯ ಜನಕ್ಕೆ ಮಾತಾಡಲು ಉಳಿದದ್ದು ಎರಡೇ ವಿಷಯ: ಹವಾಮಾನ ಮತ್ತು ಕ್ರೇಗ್ ಹೆಪ್‌ವರ್ತ್. ಅಂಗಡಿಗೆ ಹೋದರೆ ಅವಳು ಕ್ರೇಗನ ತಾಯಿ. ಕೆಲಸ ಮಾಡುವ ಆಸ್ಪತ್ರೆಯ ಅಡುಗೆಮನೆಯಲ್ಲೂ ಕ್ರೇಗನ ತಾಯಿ. ಅವನು ಗೆದ್ದ ವಾರ ಮುಖಕ್ಕೆ ಬೆಣ್ಣೆ ಹಚ್ಚುತ್ತಿದ್ದರು, ಸೋತ ವಾರ ಬೆನ್ನ ಹಿಂದೆ ಪಿಸುಗುಟ್ಟುತ್ತಿದ್ದರು. ಆಟಗಾರರ ಮನೆಯವರಿಗೆ ಕ್ಲಬ್ಬು ಕೊಡುವ ಪುಕ್ಕಟೆ ಸೀಟಿನಲ್ಲಿ ಕುಳಿತರಂತೂ, ಮಗನ ಕೈಯಿಂದ ಚೆಂಡು ಜಾರಿದಾಗಲೆಲ್ಲ ಸಾಲಿಗೆ ಸಾಲೇ ಅವಳ ಕಡೆ ತಿರುಗುತ್ತಿತ್ತು. ಅದಕ್ಕೇ ಅವಳು ಟಿಕೆಟ್ ಕೊಂಡು ಗೋಲುಕಂಬಗಳ ಹಿಂದಿನ ಮೆಟ್ಟಿಲುಗಳಲ್ಲಿ, ಯಾರೂ ಯಾರ ಮುಖವನ್ನೂ ನೋಡದ ಜಾಗದಲ್ಲಿ ಬಂದು ನಿಲ್ಲುತ್ತಿದ್ದಳು.

ಅಲ್ಲಿ ಈ ಮನುಷ್ಯ ಸಿಕ್ಕಿದ. ಅವಳನ್ನು ಯಾರ ತಾಯಿಯೂ ಅಲ್ಲದವಳಂತೆ ಮಾತಾಡಿಸಿದ, ಜಗಳವಾಡಿದ, ನಗಿಸಿದ. ಎಷ್ಟೋ ವರ್ಷಗಳ ಮೇಲೆ ಆಟದ ಭಾನುವಾರ ಬರಲಿ ಎಂದು ಅವಳು ಕಾಯತೊಡಗಿದಳು.

ಹೆಕ್ಸ್‌ಲಿಯಲ್ಲಿ ಯಾರೂ ಒಂದೇ ಕಡೆ ನಿಂತು ಆಟ ನೋಡುವುದಿಲ್ಲ. ನಮ್ಮವರು ಯಾವ ಕಂಬಗಳತ್ತ ದಾಳಿ ಮಾಡುತ್ತಾರೋ ಆ ಕಂಬಗಳ ಹಿಂದೆ ಊರು ನಿಲ್ಲುತ್ತದೆ. ಅರ್ಧ ಆಟ ಮುಗಿದು ತಂಡಗಳು ದಿಕ್ಕು ಬದಲಿಸಿದಾಗ ಜನವೂ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹೊರಟು ಇನ್ನೊಂದು ತುದಿ ಸೇರುತ್ತದೆ. ಎದುರಾಳಿ ಊರಿನವರು ಅದೇ ಓಣಿಯಲ್ಲಿ ಎದುರಿನಿಂದ ಬರುತ್ತಾರೆ. ಚುಡಾಯಿಸುವುದು, ಬೈಯುವುದು, ಹಳೆಯ ಪರಿಚಯದವರಿದ್ದರೆ ಮನೆಯವರ ಆರೋಗ್ಯ ವಿಚಾರಿಸುವುದು, ಎಲ್ಲ ಆ ನಡಿಗೆಯಲ್ಲೇ ಮುಗಿಯುತ್ತದೆ.

ಹೇಜಲ್ ಮತ್ತು ಡಂಕನ್‌ರ ಪ್ರೇಮ, ಅದನ್ನು ಹಾಗೆ ಕರೆಯಬಹುದಾದರೆ, ಆ ಓಣಿಯಲ್ಲೇ ಬೆಳೆಯಿತು. ತಗಡಿನ ಮಾಡು, ಕಾಲಡಿಯಲ್ಲಿ ಕೆಸರು. ಡಂಕನ್ ಎರಡು ಮಾಂಸದ ಪೈ ಕೊಂಡು, ಜನರ ಮೊಣಕೈ ಅವಳಿಗೆ ತಾಗದಂತೆ ಹೊರಬದಿಯಲ್ಲಿ ನಡೆಯುತ್ತಿದ್ದ. ಅವಳು ಬಿಸಿ ಪೈ ಕಚ್ಚಿ ಬಾಯಿ ಸುಟ್ಟುಕೊಳ್ಳುವುದನ್ನು ಓರೆಗಣ್ಣಿನಿಂದ ನೋಡುತ್ತಿದ್ದ. ಅವಳು ಕಣ್ಣೆತ್ತಿದರೆ ಅವನ ಕಣ್ಣು ತಟ್ಟನೆ ಮಾಡಿಗೆ ಹಾರುತ್ತಿತ್ತು. ಮತ್ತೆ ಇಳಿಯುವಾಗ ತುಟಿಯಂಚಿನಲ್ಲಿ ನಗು ಸಿಕ್ಕಿಕೊಂಡಿರುತ್ತಿತ್ತು.

"ನಿಮ್ಮ ಮಫ್ಲರ್ ಕೋಸಿನ ವಾಸನೆ ಹೊಡೀತಿದೆ," ಎನ್ನುತ್ತಿದ್ದ.

"ನೂರಾರು ರೋಗಿಗಳಿಗೆ ಅಡುಗೆ ಮಾಡಿ ಬಂದಿದ್ದೀನಿ. ಗುಲಾಬಿ ವಾಸನೆ ಎಲ್ಲಿಂದ ತರ್ಲಿ?"

"ಕೋಸೇ ಇರ್ಲಿ ಬಿಡಿ. ನಂಗೆ ಅಭ್ಯಾಸ ಆಗಿದೆ."

ಇಂಥ ಮಾತು ಕೇಳಿದಾಗ ನಸುಕಿನಲ್ಲೇ ಎದ್ದ ದಣಿವು, ಊದಿಕೊಂಡ ಪಾದ, ಎಲ್ಲವೂ ಅವಳಿಗೆ ಒಂದು ಗಳಿಗೆ ಮರೆತುಹೋಗುತ್ತಿತ್ತು. ಪ್ರೇಮ ಎಂಬುದು ಇಪ್ಪತ್ತರ ಹರೆಯದವರಿಗೆ ಬರುವ ಜ್ವರ ಎಂದುಕೊಂಡಿದ್ದವಳಿಗೆ, ಕಾಲು ನೋಯುವ ವಯಸ್ಸಿನಲ್ಲೂ ಅದು ಬರುತ್ತದೆಂದು ತಿಳಿದು ಗಾಬರಿಯಾಗಿತ್ತು. ಡಂಕನ್ ಹೆಂಡತಿಯನ್ನು ಕಳೆದುಕೊಂಡವನು. ಗಣಿ ಹೋದ ಮೇಲೆ ಶಾಲೆಯ ಬಸ್ಸು ಓಡಿಸುತ್ತಿದ್ದ. ಅವನೂ ದಣಿದವನೇ.

ಆದರೆ ಹುಡುಗನ ವಿಷಯಕ್ಕೆ ಬಂದರೆ ಇಬ್ಬರಿಗೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

"ಸ್ಟ್ಯಾಂಡ್‌ಆಫ್ ಸ್ಟ್ಯಾಂಡ್‌ಆಫ್ ಅಂತೀರಲ್ಲ, ಅಲ್ಲಿ ಅವನಿಗೆ ಓಡೋಕೆ ಜಾಗಾನೇ ಇಲ್ಲ," ಎಂದ ಡಿಸೆಂಬರಿನ ಒಂದು ದಿನ. "ನೀವು ಒಪ್ಪಲ್ಲ ಬಿಡಿ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಾಗೆ..." ಎಂದವನು ಕೆಮ್ಮು ಬಂದವನ ಹಾಗೆ ನಿಲ್ಲಿಸಿದ.

ಹೇಜಲ್ ಪೈ ಕಚ್ಚುವುದನ್ನು ನಿಲ್ಲಿಸಿದಳು. "ಹಾಗೆ ಏನು?"

"ಏನಿಲ್ಲ. ಪೈ ಆರ್ತಿದೆ, ತಿನ್ನಿ."

ಅವಳು ತಿಂದಳು. ಅವತ್ತೇ ಹೇಳಿಬಿಡಬಹುದಿತ್ತು. ಹೇಳಿದರೆ ಇವನೂ ಎಲ್ಲರ ಹಾಗೆ ಆಗುತ್ತಾನೆ, "ನಿಮ್ಮ ಮಗ ಏನು ಆಡ್ತಾನೆ ಅಂತೀರಿ!" ಎಂದು ಹಲ್ಲು ಕಿರಿಯುತ್ತಾನೆ, ಆಮೇಲೆ ಈ ಓಣಿಯಲ್ಲೂ ತಾನು ಬರೀ ಕ್ರೇಗನ ತಾಯಿ. ಅಷ್ಟನ್ನು ಕಳೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

ಇನ್ನೊಂದು ಗುಟ್ಟೂ ಇತ್ತು. ಜೂನಿಯರ್ ತಂಡದಲ್ಲಿ ಕ್ರೇಗ್ ಫುಲ್‌ಬ್ಯಾಕ್ ಆಗಿದ್ದ. ಒಂದು ದಿನ ಎತ್ತರದ ಚೆಂಡಿಗೆ ಕಣ್ಣು ನೆಟ್ಟು ನಿಂತಿದ್ದಾಗ ಎದುರಾಳಿಗಳಿಬ್ಬರು ಬಂದು ಗುದ್ದಿದರು. ಹುಡುಗ ಹುಲ್ಲಿನ ಮೇಲೆ ಅಲುಗಾಡದೆ ಬಿದ್ದಿದ್ದ. ಎಚ್ಚರವಾದಾಗ ಇವತ್ತು ಯಾವ ವಾರ ಎಂದು ತಾಯಿಯನ್ನು ಕೇಳಿದ್ದ. ಸ್ಟ್ಯಾಂಡ್‌ಆಫ್ ಪರವಾಗಿ ಹೇಜಲ್ ಕೊಡುತ್ತಿದ್ದ ಅಷ್ಟೂ ಜಾಣ ಕಾರಣಗಳು ಹುಟ್ಟಿದ್ದು ಆ ಹುಲ್ಲಿನ ಮೇಲೆ.

ಫೆಬ್ರವರಿಯಲ್ಲಿ ವಿದರ್‌ಬಿ ತಂಡ ಬಂತು. ಹಿಮ ಬೆರೆತ ಮಳೆ. ರಜೆಯಿಲ್ಲದೆ ದುಡಿದ ಹೇಜಲ್ ನಿಂತಲ್ಲೇ ತೂಕಡಿಸುತ್ತಿದ್ದಳು. ಅರ್ಧ ಆಟ ಮುಗಿಯುವ ಮುಂಚೆ ಹೆಕ್ಸ್‌ಲಿಯ ಫುಲ್‌ಬ್ಯಾಕ್ ಭುಜ ಹಿಡಿದುಕೊಂಡು ಕುಸಿದ. ಅವನನ್ನು ಸ್ಟ್ರೆಚರ್ ಮೇಲೆ ಒಯ್ದರು. ಸೀಟಿ ಊದಿದ ಮೇಲೆ ಜನ ಓಣಿಯತ್ತ ಹೊರಟಾಗ ಧ್ವನಿವರ್ಧಕ ಗೊರಗೊರ ಅಂದಿತು. "ಹೆಕ್ಸ್‌ಲಿ ತಂಡದಲ್ಲಿ ಬದಲಾವಣೆ. ಫುಲ್‌ಬ್ಯಾಕ್ ಸ್ಥಾನದಲ್ಲಿ ಕ್ರೇಗ್ ಹೆಪ್‌ವರ್ತ್."

ಜನ ಕೂಗಿದರು. ಯಾರೋ ಡಂಕನ್‌ನ ಬೆನ್ನು ತಟ್ಟಿ, "ಗೆದ್ದೆಯಲ್ಲೋ ಮಾರಾಯ!" ಎಂದರು. ಡಂಕನ್ ನಗಲಿಲ್ಲ. ಅವನು ಹೇಜಲ್‌ಳನ್ನೇ ನೋಡುತ್ತಿದ್ದ.

ಅವಳು ನಿಂತುಬಿಟ್ಟಿದ್ದಳು. ಊರೆಲ್ಲ ಆ ತುದಿಗೆ ಹೋಗುತ್ತಿದೆ. ಆದರೆ ಇನ್ನು ಮುಂದೆ ಹೆಕ್ಸ್‌ಲಿಯ ಫುಲ್‌ಬ್ಯಾಕ್ ಕಾಯುವುದು ಈ ತುದಿಯನ್ನು. ಹೋದರೆ ಮಗ ಇಡೀ ಮೈದಾನದಷ್ಟು ದೂರವಾಗುತ್ತಾನೆ.

"ನಾನು ಬರಲ್ಲ. ಇಲ್ಲೇ ನಿಲ್ತೀನಿ."

"ಇಲ್ಲಿ ವಿದರ್‌ಬಿಯವರು ಬಂದು ತುಂಬ್ಕೋತಾರೆ."

"ತುಂಬ್ಕೊಳ್ಳಲಿ. ನೀವು ಹೋಗಿ."

"ಡಂಕನ್, ಬಾರೋ! ಜಾಗ ಹೋಗುತ್ತೆ!" ಎಂದು ಗೆಳೆಯರು ಕೂಗಿದರು. ಹೆಂಡತಿಯನ್ನು ಮಣ್ಣು ಮಾಡಿದ ವಾರವೂ ತಪ್ಪದೆ ತುದಿ ಬದಲಿಸಿದ್ದೆ ಎಂದು ಒಮ್ಮೆ ತಾನೇ ಹೇಳಿಕೊಂಡಿದ್ದ ಮನುಷ್ಯ ಅವನು. "ನೀವು ನಡೀರಿ," ಎಂದು ಕೈಯಾಡಿಸಿ, ಅವಳ ಪಕ್ಕಕ್ಕೆ ಬಂದು ನಿಂತ.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಅವನು ನನ್ನ ಮಗ," ಎಂದಳು, ಮೈದಾನ ನೋಡುತ್ತ.

"ಗೊತ್ತು."

"ಏನು ಗೊತ್ತು?"

"ನಿಮ್ಮ ಮಗ ಅಂತ. ಸೆಪ್ಟೆಂಬರಲ್ಲೇ ಗೊತ್ತಾಯ್ತು. ಈ ಊರಲ್ಲಿ ಬೆಕ್ಕು ಮರಿ ಹಾಕಿದ್ರೂ ಬಸ್ ಡಿಪೋಗೆ ಸುದ್ದಿ ಬರುತ್ತೆ."

ಹೇಜಲ್‌ಗೆ ಮುಖಕ್ಕೆ ಹೊಡೆದಂತಾಯಿತು. "ಗೊತ್ತಿದ್ದೂ ಇಷ್ಟು ದಿನ ನಾಟಕ ಆಡಿದ್ರಾ? ಗೆಳೆಯರ ಜೊತೆ ಸೇರಿ ನಕ್ಕಿರಬೇಕು, ನೋಡು ಆ ಹೆಂಗಸು ಮಗನ್ನೇ ಹೊಗಳ್ಕೋತಾಳೆ ಅಂತ."

"ಒಬ್ಬರ ಹತ್ರಾನೂ ಬಾಯಿ ಬಿಟ್ಟಿಲ್ಲ."

"ನನಗಾದ್ರೂ ಹೇಳ್ಬಹುದಿತ್ತಲ್ಲ!"

"ನೀವೇ ಹೇಳದ್ದನ್ನ ನಾನು ಯಾಕೆ ಎತ್ಲಿ? ಆ ಹೊರೇನ ಕೆಳಗಿಟ್ಟು ಎರಡು ಗಂಟೆ ಸುಧಾರಿಸ್ಕೊಳ್ಳೋಕೆ ಬರ್ತೀರಿ ಅಂತ ಗೊತ್ತಾಗ್ತಿತ್ತು. ಮುಖದಲ್ಲೇ ಕಾಣ್ತಿತ್ತು." ಅವನ ದನಿ ತಗ್ಗಿತು. "ಕ್ರೇಗನ ತಾಯಿ ಹತ್ರ ನನಗೇನೂ ಕೆಲಸ ಇರ್ಲಿಲ್ಲ. ನಾನು ಬರ್ತಿದ್ದಿದ್ದು ಹೇಜಲ್ ಹತ್ರ."

ಅವಳು ಉತ್ತರಿಸುವಷ್ಟರಲ್ಲಿ ವಿದರ್‌ಬಿಯ ಕೆಂಪು ಮಫ್ಲರುಗಳು ಸುತ್ತ ತುಂಬಿಕೊಂಡವು, ಆಟ ಶುರುವಾಯಿತು. ಅವಳೆದುರಿಗೇ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಕ್ರೇಗ್ ಒಬ್ಬನೇ ನಿಂತಿದ್ದ. ಅವನ ಬೆನ್ನು ಇಷ್ಟೊಂದು ಸಣ್ಣದು ಎಂದು ಅವಳಿಗೆ ಮರೆತೇಹೋಗಿತ್ತು.

ವಿದರ್‌ಬಿಯವರು ಮೊದಲ ಅವಕಾಶದಲ್ಲೇ ಚೆಂಡನ್ನು ಮುಗಿಲಿಗೆ ಒದ್ದರು. ಹೊಸ ಫುಲ್‌ಬ್ಯಾಕ್ ಬಂದರೆ ಯಾರಾದರೂ ಮಾಡುವುದು ಅದನ್ನೇ. ಹೇಜಲ್ ಕಣ್ಣು ಗಟ್ಟಿಯಾಗಿ ಮುಚ್ಚಿದಳು.

"ನನ್ನಿಂದ ಆಗಲ್ಲ ಡಂಕನ್."

"ನೋಡ್ಬೇಡಿ. ನಾನು ನೋಡಿ ಹೇಳ್ತೀನಿ." ಅವನ ಕೈ ಅವಳ ಕೈ ಹಿಡಿಯಿತು. "ಚೆಂಡು ಇನ್ನೂ ಮೇಲಿದೆ. ಅವನು ಚೆಂಡಿನ ಕೆಳಗೆ ಬಂದ. ಕಾಲು ಊರಿದ. ಇಬ್ಬರು ಓಡಿ ಬರ್ತಿದ್ದಾರೆ, ಅವನಿಗೆ ಗೊತ್ತು. ಹಿಡಿದ!"

ಧೊಪ್ ಎಂದು ಒದ್ದೆ ಸದ್ದಾಯಿತು. ಹೇಜಲ್ ಡಂಕನ್‌ನ ಕೈ ಜಗ್ಗಿದಳು.

"ಹೇಳ್ರೀ!"

"ಎದ್ದ. ಎದ್ದು ಚಡ್ಡಿ ಮೇಲೆಳ್ಕೊಳ್ತಿದ್ದಾನೆ."

ಅಳುವೂ ನಗುವೂ ಒಟ್ಟಿಗೇ ಬಂತು. ಪಕ್ಕದ ವಿದರ್‌ಬಿ ಹೆಂಗಸೊಬ್ಬಳು ಬೇಲಿಗೆ ಬಗ್ಗಿ, "ಏ ಹಾಲುಗಲ್ಲದವ್ನೇ, ನಿಮ್ಮಮ್ಮ ಎಲ್ಲೋ?" ಎಂದು ಕಿರುಚಿದಳು.

"ಇಲ್ಲೇ ಇದ್ದೀನಿ ಕಣೇ!" ಎಂದಳು ಹೇಜಲ್.

ಆ ಹೆಂಗಸು ತಿರುಗಿ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. "ಅಯ್ಯೋ, ತಪ್ಪಾಯ್ತಮ್ಮ. ನನ್ನ ಅಕ್ಕನ ಮಗ ನಮ್ಮ ಕಡೆ ಆಡ್ತಾನೆ, ನನ್ನ ಸಂಕಟಾನೂ ಅಷ್ಟೇ." ಆಮೇಲೆ ಅವಳು ತೆಪ್ಪಗೆ ನೋಡಿದಳು.

ಹೇಜಲ್ ಈಗ ಕಣ್ಣು ಬಿಟ್ಟಳು. ಕ್ರೇಗ್ ಒಂದು ಚೆಂಡು ಕೈಬಿಟ್ಟ. ವಿದರ್‌ಬಿಗೆ ಅಂಕ ಹೋಯಿತು. ಆದರೂ ಅವನು ತಲೆ ತಗ್ಗಿಸಲಿಲ್ಲ. ತನಗಿಂತ ದೊಡ್ಡವರನ್ನೆಲ್ಲ ಕೂಗಿ, ಕೈತೋರಿಸಿ, ಅತ್ತ ಇತ್ತ ಸರಿಸುತ್ತಿದ್ದ. ಮುಂದಿನ ಚೆಂಡು ಹಿಡಿದವನೇ ಮೂವರನ್ನು ತಪ್ಪಿಸಿ ಮೈದಾನದ ನಡುವಿನವರೆಗೂ ಓಡಿದ. ಈ ತುದಿಯಿಂದ ನೋಡಿದರೆ ಮಾತ್ರ ಕಾಣುವಂಥದ್ದೊಂದು ಅವಳಿಗೆ ಕಂಡಿತು: ಇಡೀ ಆಟವನ್ನು ಅವನು ಮನೆಯ ಅಂಗಳ ನೋಡಿಕೊಳ್ಳುವಂತೆ ನೋಡಿಕೊಳ್ಳುತ್ತಿದ್ದ.

ಹೆಕ್ಸ್‌ಲಿ ಸೋತಿತು. ಸೋಲು ಅವರಿಗೇನೂ ಹೊಸದಲ್ಲ.

"ನಿಮ್ಮ ಮಾತೇ ಸರಿ," ಎಂದಳು ಹೇಜಲ್. "ಅವನ ಜಾಗ ಅದೇ. ನನಗೆ ಹೆದರಿಕೆ ಇತ್ತು, ಅದಕ್ಕೇ ವಾದ ಮಾಡ್ತಿದ್ದೆ."

"ಛೆ, ಒಪ್ಕೋಬೇಡಿ."

"ಯಾಕೆ?"

ಡಂಕನ್ ಮಫ್ಲರಿನ ತುದಿ ತಿರುವಿದ. "ಕ್ರಿಸ್ಮಸ್ ಹೊತ್ತಿಗೆ ನಿಮ್ಮ ಮಾತೇ ಸರಿ ಇರ್ಬಹುದು ಅಂತ ನಂಗೂ ಅನ್ನಿಸಿತ್ತು. ಸ್ಟ್ಯಾಂಡ್‌ಆಫಲ್ಲಿ ಚೆನ್ನಾಗೇ ಆಡ್ತಿದ್ದ. ಒಪ್ಕೊಂಡುಬಿಟ್ರೆ ಮುಂದಿನ ಆಟಕ್ಕೆ ನಿಮ್ಮ ಹತ್ರ ಏನು ಮಾತಾಡೋದು? ಅದಕ್ಕೇ ಹಟ ಹಿಡಿದೆ."

ಹೇಜಲ್ ಅವನ ಮುಖವನ್ನೇ ನೋಡಿದಳು. ಈ ಸಲ ಅವನ ಕಣ್ಣು ಎಲ್ಲಿಗೂ ಹಾರಲಿಲ್ಲ. ಕೆಂಪಡರಿದ, ಒದ್ದೆಯಾದ, ಬಹಳ ದಣಿದ ಕಣ್ಣುಗಳು. ಅವಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಇವನು ಇಲ್ಲದ ಭಾನುವಾರ ತನಗೆ ಬೇಡ ಎಂಬುದಷ್ಟೇ ಸ್ಪಷ್ಟವಾಗಿ ತಿಳಿಯಿತು.

ಅಷ್ಟರಲ್ಲಿ ಕ್ರೇಗ್ ಕೆಸರು ಮೆತ್ತಿದ ಮುಖ ಹೊತ್ತು ಬೇಲಿಯ ಬಳಿ ಬಂದ. "ಅಮ್ಮಾ! ಶತ್ರುಗಳ ಮಧ್ಯೆ ಏನು ಮಾಡ್ತಿದ್ದೀಯ?" ಅವನ ನೋಟ ಇಳಿದು ಹೆಣೆದುಕೊಂಡಿದ್ದ ಕೈಗಳ ಮೇಲೆ ನಿಂತಿತು. "ಇವರ್ಯಾರು?"

ಹೇಜಲ್ ಕೈ ಬಿಡಿಸಿಕೊಳ್ಳಲಿಲ್ಲ. "ಇವರು ಡಂಕನ್. ನನ್ನವರು ಅಂತ ಹೇಳ್ಬೇಕು ಅಂತಿದ್ದೀನಿ. ಇವರನ್ನ ಇನ್ನೂ ಕೇಳಿಲ್ಲ."

ಕ್ರೇಗ್ ತಾಯಿಯನ್ನೊಮ್ಮೆ, ಆ ಉದ್ದನೆಯ ಮನುಷ್ಯನನ್ನೊಮ್ಮೆ ನೋಡಿದ. ಕೆಸರಿನ ನಡುವೆ ಹಲ್ಲು ಕಂಡವು. "ಹಾಗಾದ್ರೆ ಬೇಗ ಕೇಳಮ್ಮ. ನಂಗೆ ಚಳಿ ಹತ್ತಿದೆ."

ಅವಳು ಡಂಕನ್‌ನತ್ತ ತಿರುಗಿದಳು. "ಹೇಳು," ಎಂದಳು. "ಏನಂತೀಯ?"

ಎಲ್ಲದಕ್ಕೂ ತನ್ನದೊಂದು ಅಭಿಪ್ರಾಯ ಇಟ್ಟುಕೊಂಡಿದ್ದ ಮನುಷ್ಯ ಎರಡು ಸಲ ಬಾಯಿ ತೆರೆದು ಮುಚ್ಚಿದ. ಮೂರನೆಯ ಸಲಕ್ಕೆ ಮಾತು ಬಂತು.

"ಈ ವಿಷಯದಲ್ಲಿ ನಂದೇನೂ ವಾದ ಇಲ್ಲ ಕಣೇ."