ಹವಳ ಬಿಳಿಚಿದ ಬೇಸಿಗೆ

ಮೈಲಾರೇಶ್ ಮೊಬೈಲ್ ಮುಂದೆ ಹಿಡಿದಾಗ, ಮನೆಯ ಕಟ್ಟೆಯ ಮೇಲೆ ಹೂ ಕಟ್ಟುತ್ತಿದ್ದ ರೋಜಾ ಕೈ ನಿಲ್ಲಿಸಿ ಬಗ್ಗಿ ನೋಡಿದಳು. ನೀಲಿ ನೀರಿನ ತಳದುದ್ದಕ್ಕೂ ಬೆಳ್ಳಗೆ ಅರಳಿದ ಗಿಡಗಳು.

"ಅಯ್ಯ, ಎಷ್ಟು ಚಂದ ಐತಿ! ನಮ್ಮ ಹಡಗಲಿ ಮಲ್ಲಿಗಿ ತೋಟನ ಸಮುದ್ರದಾಗ ಇಳಿಸಿದಂಗೈತಿ."

ಅವನು ಮೊಬೈಲನ್ನು ಮಗುಚಿಟ್ಟ.

"ಹೊಗಳಿದರೂ ಸಿಟ್ಟೇನು?"

"ಅವು ಗಿಡ ಅಲ್ಲ ರೋಜಾ, ಹವಳ. ಜೀವ ಇರೋ ಪ್ರಾಣಿ. ಬೆಳ್ಳಗಾದವು ಅಂದ್ರ ಸಾಯಾಕ ಹತ್ಯಾವ ಅಂತ."

ಸತ್ತವರ ಮುಖ ನೋಡಿ ಚಂದ ಅಂದಂತಾಯಿತು ಅವಳಿಗೆ.

ಐದು ವರ್ಷದಿಂದ ಅವನು ಲಕ್ಷದ್ವೀಪದಲ್ಲಿ ಸಂಶೋಧಕರ ಜೊತೆ ನೀರಿಗಿಳಿಯುವ ಕೆಲಸದಲ್ಲಿದ್ದ. ದೋಣಿಗಳ ಲಂಗರು ಬಡಿದು ಮುರಿದ ಹವಳದ ತುಂಡುಗಳನ್ನು ನೀರಿನೊಳಗೇ ಹಗ್ಗಕ್ಕೆ ಕಟ್ಟಿ ಬೆಳೆಸುವುದು. ಅದಕ್ಕೆಂದೇ ಹೋದ ವರ್ಷ ರಜೆಗೆ ಬಂದಾಗ, ತೊಟ್ಟು ಮುರಿಯದಂತೆ ಬಿಗಿಯುವ ಹೂವಿನ ಗಂಟನ್ನು ಇದೇ ಕಟ್ಟೆಯ ಮೇಲೆ ಅವಳಿಂದ ಕಲಿತಿದ್ದ. ಕಲಿತ ಮೇಲೂ ಬೇಕೆಂದೇ ತಪ್ಪುತ್ತಿದ್ದ, ಅವಳು ಮತ್ತೆ ಬೆರಳು ಹಿಡಿದು ತೋರಿಸಲಿ ಎಂದು. ಅವಳಿಗದು ಗೊತ್ತಿತ್ತು, ಗೊತ್ತಿಲ್ಲದವಳಂತೆ ಹಿಡಿಯುತ್ತಿದ್ದಳು.

"ನನ್ನ ಗಂಟಿನವು?"

"ಅವೂ ಇದರಾಗ ಅದಾವ. ಗಂಟು ಒಂದೂ ಬಿಚ್ಚಿಲ್ಲ. ಮಾಮೂಲಿಗಿಂತ ನೀರು ಕಾದೈತಿ. ಒಂದೂವರಿ ಡಿಗ್ರಿ."

"ಅಷ್ಟಕ್ಕ? ಇಲ್ಲಿ ನಲವತ್ತೆರಡು ಐತಿ, ನಾವೇನು ಸತ್ತೀವಾ?" ನಗಿಸಲೆಂದು ಕೇಳಿದಳು.

"ನಿನಗ ಒಂದೂವರಿ ಡಿಗ್ರಿ ಜ್ವರ ಏರಿ, ಎರಡು ತಿಂಗಳು ಇಳೀಲಿಲ್ಲಂದ್ರ?"

"ಯಾರು ಕಾಸ್ಯಾರ ಆ ನೀರು?"

"ನಾವ. ಸುಟ್ಟ ಪೆಟ್ರೋಲು, ಕಲ್ಲಿದ್ದಲು, ಎಲ್ಲಾದರ ಹೊಗಿ ಹಿಡಿದಿಟ್ಟ ಕಾವು ಅಲ್ಲಿಗೇ ಇಳೀತೈತಿ."

"ನಿನ್ನ ಬೈಕಿಂದೂ?"

"ನನ್ನ ಬೈಕಿಂದೂ."

ಇಬ್ಬರೂ ಸ್ವಲ್ಪ ನಕ್ಕರು. ಆಮೇಲೆ ಅವನು ತಲೆ ತಗ್ಗಿಸಿಯೇ ಹೇಳಿದ: "ಮತ್ತ ದ್ವೀಪಕ್ಕ ಹೊಂಟೀನಿ, ನಾಳೆ ರೈಲಿಗೆ. ಅಲ್ಲಿಂದ ಫೋನ್ ಬಂದೈತಿ."

ಶ್ರಾವಣದಲ್ಲಿ ಅವರ ಮದುವೆ. ಎರಡು ಸಲ ಮುಂದೆ ಹೋಗಿ, ಇನ್ನು ಊರಲ್ಲೇ ಇರುತ್ತೇನೆಂದು ಅವನು ಮಾತು ಕೊಟ್ಟ ಮೇಲೆ ನಿಗದಿಯಾದದ್ದು. ರೋಜಾಗೆ ಮೂವತ್ನಾಲ್ಕು.

"ನೀ ಹೋದರ ಉಳೀತಾವೇನು?"

"ಇಲ್ಲ."

"ಮತ್ತ ಏನ್ ಮಾಡಾಕ?"

"ಯಾವ್ಯಾವು ಸತ್ತವು ಅಂತ ಬರಿಯಾಕ. ಉಳಿದ ಚೂರು ಇದ್ದರ ಮತ್ತ ಕಟ್ಟಾಕ."

"ಮತ್ತ ಕಾದರ?"

ಅವನು ಮೊಬೈಲನ್ನು ಜೇಬಿಗಿಳಿಸಿದ. "ಬಿಡಾಕ ಆಗವಲ್ದು ರೋಜಾ. ಇದೊಂದು ಸಲ ಕಾಯ್ತೀಯೇನು?"

ಬೇರೆ ಹೆಣ್ಣಿನ ಹೆಸರು ಹೇಳಿದ್ದರೆ ಜಗಳವಾಡಬಹುದಿತ್ತು. ಸಾಯುತ್ತಿರುವುದರ ಮೇಲೆ ಹೇಗೆ ಹೊಟ್ಟೆಕಿಚ್ಚು ಪಡುವುದು?

"ನಿನ್ನ ಮ್ಯಾಲ ಜೀವ ಐತಿ ನಂದು," ಎಂದಳು. ಇದುವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ. "ಅದಕ್ಕ ಸುಳ್ಳು ಹೇಳಂಗಿಲ್ಲ. ಕಾಯಂಗಿಲ್ಲ ನಾನು."

"ಸಿಟ್ಟೇನು?"

"ಸಿಟ್ಟಿದ್ದಿದ್ರ ಒಂದಿನ ಇಳೀತಿತ್ತು, ಕಾಯ್ತಿದ್ದೆ."

ಅವನು ಎದ್ದು ಚಪ್ಪಲಿ ಮೆಟ್ಟಿದ. ಬೀದಿಯ ತಿರುವಿನ ತನಕ ಅವನ ಜೊತೆ ನಡೆಯುವುದು ಅವಳ ರೂಢಿ. ಇಂದು ಏಳಲಿಲ್ಲ. ಎದ್ದಿದ್ದರೆ, ನಾಲ್ಕು ಹೆಜ್ಜೆಯೊಳಗೆ, ಕಾಯ್ತೀನಿ ಅಂದುಬಿಡುತ್ತಿದ್ದಳು.