ವಾಪಸ್ ಬಂದ ಹೆಲ್ಮೆಟ್

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ಯುವತಿ ಬೆಂಚಿನ ಮೇಲೆ ಕೂರಲಿಲ್ಲ. ನೇರವಾಗಿ ದಫೇದಾರರ ಮೇಜಿನ ಬಳಿ ಹೋಗಿ, ಬಟ್ಟೆಚೀಲದಿಂದ ಒಂದು ಕಪ್ಪು ಹೆಲ್ಮೆಟ್ ತೆಗೆದು ಅವರ ಮುಂದಿಟ್ಟಳು. ಅದರ ಎಡಭಾಗ ರಸ್ತೆಗೆ ಉಜ್ಜಿ ಬೆಳ್ಳಗಾಗಿತ್ತು.

“ನಮ್ಮಣ್ಣ ಐಸಿಯುನಲ್ಲಿದಾನೆ. ಯಾರೋ ಇದನ್ನ ಮೊದಲೇ ಹಾಳು ಮಾಡಿದ್ದಾರೆ. ಕಂಪ್ಲೇಂಟ್ ತಗೊಳ್ಳಿ.”

ದಫೇದಾರರು ಇಂಥ ದೂರುಗಳನ್ನು ಮಾತಿನಲ್ಲೇ ಕರಗಿಸುವುದರಲ್ಲಿ ಪಳಗಿದವರು. “ನೋಡಮ್ಮ, ಹೆಲ್ಮೆಟ್ ಸರಿಯಿಲ್ಲ ಅಂದ್ರೆ ಅಂಗಡಿಯವನನ್ನ ಕೇಳಬೇಕು. ನಾವೇನು ಗ್ಯಾರಂಟಿ ಕಾರ್ಡ್ ಕೊಟ್ಟಿದ್ವಾ?”

“ಅಂಗಡೀಲಿ ಸರಿಯಾಗೇ ಇತ್ತು. ನಾನೇ ಕೊಡಿಸಿದ್ದು. ಅಲ್ಲಿ ಇದಕ್ಕಿಂತ ದುಬಾರಿದು ಇರಲಿಲ್ಲ.”

“ದುಬಾರಿ ಅಂತ ರಸ್ತೆಗೆ ಗೊತ್ತಾಗುತ್ತಾ ತಾಯಿ?”

ಒಳಕೋಣೆಯ ಬಾಗಿಲಲ್ಲಿ ಇನ್‌ಸ್ಪೆಕ್ಟರ್ ನಿಂತು ಕೇಳುತ್ತಿದ್ದರು. ಕೂತಲ್ಲಿ ಕೂರುವ ಜಾಯಮಾನ ಅವರದಲ್ಲ. ಅವರ ಕುರ್ಚಿಯನ್ನು ಠಾಣೆಯವರು ‘ಹೊಸದು’ ಎಂದೇ ಕರೆಯುತ್ತಿದ್ದರು. ಎಷ್ಟು ವರ್ಷವಾದರೂ ಅದು ಸವೆದಿರಲಿಲ್ಲ. ಅವರು ಮೇಜಿನ ಬಳಿ ಬಂದು ಹೆಲ್ಮೆಟ್ ಎತ್ತಿಕೊಂಡರು.

“ಅಣ್ಣ ಏನು ಕೆಲಸ ಮಾಡ್ತಾರೆ?”

“ಲಿಫ್ಟ್ ಮೆಕ್ಯಾನಿಕ್.”

“ಹೇಗೆ ಬಿದ್ದರು?”

“ಶನಿವಾರ ಸಾಯಂಕಾಲ. ಮಳೆ ನಿಂತಿತ್ತು, ತಿರುವಿನಲ್ಲಿ ಜಾರಿದ. ಹಿಂದೆ ಇದ್ದ ವ್ಯಾನ್ ಡ್ರೈವರ್ ನೋಡಿದಾನೆ. ಅಣ್ಣ ಬಸ್ಸಿಗೆ ದಾರಿ ಬಿಡೋಕೆ ನಿಧಾನ ಮಾಡಿದ್ದನಂತೆ. ಮೊಣಕೈ ಕೂಡ ತರಚಿಲ್ಲ ಸಾರ್. ತಲೆ ಮಾತ್ರ.”

“ಹೆಲ್ಮೆಟ್ ಪಟ್ಟಿ ಹಾಕಿದ್ರಾ?”

“ಆಸ್ಪತ್ರೇಲಿ ಕತ್ತರಿಸಿ ತೆಗೆದರು.” ತುಂಡಾದ ಪಟ್ಟಿಯನ್ನು ತೋರಿಸಿದಳು. “ರಕ್ತ ತೊಳೆಯೋಣ ಅಂತ ನಿನ್ನೆ ಒಳಗಿನ ಬಟ್ಟೆ ಬಿಚ್ಚಿದೆ. ಮರಳು ಉದುರಿತು. ಅಲ್ಲಿಗೇ ಕೈ ತೆಗೆದೆ.”

ಇನ್‌ಸ್ಪೆಕ್ಟರ್ ಒಳಗೆ ಬೆರಳು ಆಡಿಸಿದರು. ಎಡಗಡೆಯ ಥರ್ಮಾಕೋಲ್ ಅಂಗೈಯಗಲ ತಗ್ಗಾಗಿತ್ತು. ಅಂಚಿನಲ್ಲಿ ಸಣ್ಣ ಮರಳು ಇನ್ನೂ ಅಂಟಿಕೊಂಡಿತ್ತು.

“ಇದು ಯಾವಾಗಾದ್ರೂ ಅವರ ಕೈಯಿಂದ ತಪ್ಪಿಹೋಗಿತ್ತಾ?”

ಆಕೆ ಯೋಚಿಸಿದಳು. “ಗುರುವಾರ ಬರಿತಲೇಲಿ ಮನೆಗೆ ಬಂದ. ಕೆಲಸದ ಕಾಂಪ್ಲೆಕ್ಸ್‌ನಲ್ಲಿ ಎಲ್ಲೋ ಅದಲು ಬದಲಾಗಿದೆ ಅಂದ. ಮಾರನೇ ದಿನ ಅಲ್ಲೇ ಸಿಕ್ತು.”

“ಸಾರ್, ಯಾವ ಸೆಕ್ಷನ್ ಹಾಕೋದು?” ದಫೇದಾರರು ತಗ್ಗಿದ ದನಿಯಲ್ಲಿ ಕೇಳಿದರು. “ಕದ್ದು ವಾಪಸ್ ಕೊಟ್ಟಿದ್ದಕ್ಕೆ ನನ್ನ ಸರ್ವೀಸ್‌ನಲ್ಲಿ ಕೇಸ್ ಮಾಡಿಲ್ಲ.”

“ಜೀವಕ್ಕೆ ಅಪಾಯ ತರೋ ಕೃತ್ಯ, ಸ್ವತ್ತಿಗೆ ಹಾನಿ. ಆರೋಪಿ ಅಪರಿಚಿತ. ಎಫ್‌ಐಆರ್ ಬರೀರಿ.”

ಹೆಲ್ಮೆಟ್ಟನ್ನು ಪಂಚರ ಸಮಕ್ಷಮ ವಶಕ್ಕೆ ಪಡೆದು ಮಧ್ಯಾಹ್ನವೇ ಪ್ರಯೋಗಾಲಯಕ್ಕೆ ಒಯ್ದರು. ಅಲ್ಲಿನ ತಜ್ಞೆ ಅದನ್ನು ಗರಗಸದಿಂದ ನಡುವೆ ಸೀಳಿದರು. ಅಷ್ಟು ಹೊತ್ತೂ ಇನ್‌ಸ್ಪೆಕ್ಟರ್ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆಯುತ್ತಿದ್ದರು.

“ಇಲ್ಲಿ ಎರಡು ಪೆಟ್ಟಿದೆ,” ಎಂದರು ತಜ್ಞೆ. “ಮೇಲಿನ ಗೀರು ರಸ್ತೆಯದು. ಅದರ ಕೆಳಗೆ ಹಳೇದೊಂದು ಗುಂಡನೆಯ ಜಜ್ಜು. ಯಾರೋ ಒಳಗೆ ಮರಳಿನ ಗಂಟು ತುರುಕಿ ಎತ್ತರದಿಂದ ಕೆಡವಿದಾರೆ. ಥರ್ಮಾಕೋಲ್ ಪೆಟ್ಟು ತಿನ್ನೋದು ಒಂದೇ ಸಲ ಸಾರ್. ಆಮೇಲೆ ಹೊರಗೆ ಹೊಸದರ ಹಾಗೆ ಕಂಡರೂ ಒಳಗೆ ಸತ್ತಿರುತ್ತೆ.”

ದಫೇದಾರರು ತಮ್ಮ ಕಂಕುಳಲ್ಲಿದ್ದ ಹೆಲ್ಮೆಟ್ಟನ್ನು ಒಮ್ಮೆ ನೋಡಿಕೊಂಡರು. “ಅಲ್ಲ ಮೇಡಂ, ನಂದು ಇದರ ಕಾಲುಭಾಗದ ರೇಟಿನದು. ಹಾಗಾದ್ರೆ ನನ್ನ ತಲೆ ಕತೆ?”

ತಜ್ಞೆ ಅದನ್ನು ತಿರುಗಿಸಿ ನೋಡಿದರು. “ಗುಣಮಟ್ಟದ ಮುದ್ರೆ ಇದೆ, ಅಳತೆ ಸರಿಯಿದೆ. ಪಟ್ಟಿ ಬಿಗಿಯಾಗಿ ಹಾಕ್ಕೊಂಡ್ರೆ ಇದೂ ಕಾಪಾಡುತ್ತೆ. ದುಬಾರಿದು ಹಗುರ ಇರುತ್ತೆ, ಗಾಳಿ ಆಡುತ್ತೆ, ಚೆಂದ ಕಾಣುತ್ತೆ. ಕೆಲವು ನಿಜವಾಗಲೂ ಒಂದು ಕೈ ಮೇಲು, ಎಲ್ಲವೂ ಅಲ್ಲ. ಮುದ್ರೆ ಇಲ್ಲದ್ದನ್ನ ಮಾರೋರು ಮಾತ್ರ ನಿಮಗೆ ಬರೀ ಟೋಪಿ ಹಾಕ್ತಾರೆ.”

ದಫೇದಾರರು ನಕ್ಕರು. ಇನ್‌ಸ್ಪೆಕ್ಟರ್ ನಗಲಿಲ್ಲ. “ಇವನೊಬ್ಬನದೇ ಕೆಡವಿರ್ತಾರೆ ಅಂತ ಏನು ನಂಬಿಕೆ?” ಎಂದರು. “ಇಂಥವು ಇನ್ನೆಷ್ಟು ತಲೆ ಮೇಲೆ ಓಡಾಡ್ತಿವೆಯೋ.”

ಮಂಗಳವಾರ ಬೆಳಿಗ್ಗೆ ಇಬ್ಬರೂ ಮಹಿಳಾ ಪೇದೆಯನ್ನು ಕರೆದುಕೊಂಡು ಕಾಂಪ್ಲೆಕ್ಸಿಗೆ ಹೋದರು. ಐದು ಮಹಡಿಯ ಕಟ್ಟಡ, ಮೇಲೆಲ್ಲ ಒಡವೆ ಅಂಗಡಿಗಳು. ಹೆಲ್ಮೆಟ್ ಹಿಡಿದುಕೊಂಡು ಯಾರೂ ಮೇಲೆ ಹೋಗುವಂತಿರಲಿಲ್ಲ. ನೆಲಮಾಳಿಗೆಯ ಕೌಂಟರಿನಲ್ಲಿಟ್ಟು ಹಿತ್ತಾಳೆಯ ಟೋಕನ್ ಪಡೆಯಬೇಕು. ಕೌಂಟರಿನ ಹಿಂದೆ ಐವತ್ತರ ಆಸುಪಾಸಿನ ಹೆಂಗಸೊಬ್ಬರಿದ್ದರು. ಬಂದವರೆಲ್ಲ ಅವರನ್ನು ‘ಟೋಕನ್ ಅಕ್ಕ’ ಎನ್ನುತ್ತಿದ್ದರು. ಪ್ರತಿ ಹೆಲ್ಮೆಟ್ಟನ್ನೂ ಒರೆಸಿ, ಗಾಜು ಮೇಲೆ ಮಾಡಿ, ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದರು.

“ಲಿಫ್ಟ್ ಮೆಕ್ಯಾನಿಕ್‌ನ ಹೆಲ್ಮೆಟ್ ಗುರುವಾರ ಕಾಣೆಯಾಗಿತ್ತಂತೆ?”

“ಗಡಿಬಿಡೀಲಿ ಅದಲು ಬದಲಾಗುತ್ತೆ ಸಾರ್. ಶುಕ್ರವಾರ ಕೊಟ್ಟೆನಲ್ಲ.”

“ಬೇರೆ ಯಾರದಾದ್ರೂ ಹೀಗೆ ತಪ್ಪಿತ್ತಾ?”

“ಆಗೊಮ್ಮೆ ಈಗೊಮ್ಮೆ.” ಅವರ ಕೈ ಒರೆಸುವುದನ್ನು ನಿಲ್ಲಿಸಲಿಲ್ಲ. “ಎರಡು ದಿನದಿಂದ ಆ ಹುಡುಗ ಕಾಣ್ತಿಲ್ಲ. ರಜೆನಾ?”

ಇನ್‌ಸ್ಪೆಕ್ಟರ್ ಮೇಲಿನ ಕಚೇರಿಗೆ ನಡೆದರು. ಕಟ್ಟಡದ ಮ್ಯಾನೇಜರ್ ಮೈಕಿನಲ್ಲಿ, ಹೆಲ್ಮೆಟ್ ಕಳೆದು ಮತ್ತೆ ಸಿಕ್ಕವರು ಕಚೇರಿಗೆ ಬರಬೇಕೆಂದು ಕೂಗಿಸಿದ. ಅರ್ಧ ಗಂಟೆಯಲ್ಲಿ ಒಬ್ಬ ದರ್ಜಿ, ಒಬ್ಬ ಅಕ್ಕಸಾಲಿಗ ಬಂದರು. ಇಬ್ಬರ ಹೆಲ್ಮೆಟ್ಟಿನ ಒಳಬಟ್ಟೆ ಬಿಚ್ಚಿದಾಗಲೂ ಮರಳು ಉದುರಿತು. ಒಂದು ದುಬಾರಿಯದು, ಇನ್ನೊಂದು ಅಗ್ಗದ್ದು.

“ಅಂದರೆ ದುಡ್ಡಿದ್ದೋರ ಮೇಲಿನ ಹೊಟ್ಟೆಕಿಚ್ಚಲ್ಲ,” ಎಂದರು ದಫೇದಾರರು. ತಕ್ಷಣ ಅವರಿಗೆ ಇನ್ನೊಬ್ಬ ನೆನಪಾದ. ಕಾಂಪ್ಲೆಕ್ಸಿನ ಎದುರಿನ ಫುಟ್‌ಪಾತಿನಲ್ಲಿ ಹೆಲ್ಮೆಟ್ ಮಾರುವವನು. ಗಿರಾಕಿಗಳ ಎದುರು ಹೆಲ್ಮೆಟ್ಟಿಗೆ ಸುತ್ತಿಗೆಯಿಂದ ಹೊಡೆದು, ಗಾಜಿನ ಬಾಗಿಲ ಶೋರೂಮಿನದಕ್ಕಿಂತ ನನ್ನದೇ ಗಟ್ಟಿ ಎನ್ನುತ್ತಾನೆಂದು ಶೋರೂಮಿನವರು ಎರಡು ಸಲ ಠಾಣೆಗೆ ಬಂದಿದ್ದರು.

ಪೊಲೀಸರನ್ನು ಕಂಡು ಅವನು ಸುತ್ತಿಗೆಯನ್ನು ಗೋಣಿಯ ಕೆಳಗೆ ತಳ್ಳಿದ.

“ನೆಲಮಾಳಿಗೆಗೆ ಹೋಗ್ತೀಯಾ?”

“ನಂಗೇನು ಕೆಲಸ ಸಾರ್ ಅಲ್ಲಿ?”

“ಕಂಡೋರ ಹೆಲ್ಮೆಟ್ ಒಡೆದು ವಾಪಸ್ ಇಡ್ತಾ ಇರೋದು ಯಾರು?”

“ನಾನು ಒಡೆಯೋದು ನನ್ನ ಸರಕು. ಅದು ಮಾರೋಕೂ ಬರಲ್ಲ, ಗುಜರಿಗೆ.” ಸ್ವಲ್ಪ ತಡೆದು ಹೇಳಿದ: “ಗುಜರಿಗೂ ಈಗ ಹೋಗ್ತಿಲ್ಲ. ಒಬ್ಬರು ಕೇಳಿ ತಗೊಂಡು ಹೋಗ್ತಾರೆ.”

“ಯಾರು?”

“ಟೋಕನ್ ಅಕ್ಕ. ದಿನಾ ಬಂದು ಒಂದೇ ಮಾತು ಕೇಳೋರು. ಸತ್ಯ ಹೇಳಪ್ಪ, ಇದಕ್ಕೂ ಆ ಶೋರೂಮಿನದಕ್ಕೂ ಏನು ವ್ಯತ್ಯಾಸ ಅಂತ. ಏನಿಲ್ಲ ಅಕ್ಕ ಅಂದೆ. ನೀನು ಮಾರೋನು, ನೀನು ಹಾಗೇ ಹೇಳ್ತೀಯ ಅಂದರು.” ಅವನು ನೆಲ ನೋಡಿದ. “ಅವರ ಮಗಳಿಗೆ ನಾನೇ ಕೊಟ್ಟಿದ್ದು ಸಾರ್. ಮುದ್ರೆ ಇರೋದೇ ಕೊಟ್ಟಿದ್ದೆ. ಆ ಹುಡುಗಿ ಹೋಗಿಬಿಟ್ಟಳು.”

ಅಷ್ಟರಲ್ಲಿ ಮಹಿಳಾ ಪೇದೆ ರಸ್ತೆ ದಾಟಿ ಬಂದಳು. ನೆಲಮಾಳಿಗೆಯ ಗೋಡೆಗೆ ಬೆಂಕಿ ನಂದಿಸಲು ತೂಗುಹಾಕಿದ್ದ ಮರಳಿನ ಕೆಂಪು ಬಕೆಟ್‌ಗಳನ್ನು ಅವಳು ಒಂದೊಂದಾಗಿ ಇಣುಕಿದ್ದಳು. ಕೌಂಟರಿನ ಹತ್ತಿರದ ಬಕೆಟ್ ಖಾಲಿಯಿತ್ತು.

ಕೌಂಟರಿನ ಹಿಂದೆಯೇ ತುರ್ತು ಮೆಟ್ಟಿಲಿನ ಬಾಗಿಲು. ಯಾರೂ ಬಳಸದ ಮೆಟ್ಟಿಲು. ಮೇಲೆ ನೋಡಿದರೆ ನಡುವಿನ ಕಂಡಿ ಐದನೇ ಮಹಡಿಯವರೆಗೆ ಕಾಣುತ್ತಿತ್ತು. ಕೆಳಗಿನ ಸಿಮೆಂಟ್ ನೆಲದ ಮೇಲೆ ದುಂಡನೆಯ ಕಲೆಗಳು, ಕಪ್ಪು, ಕೆಂಪು, ಬಿಳಿ ಬಣ್ಣದ ಚೂರುಗಳು. ಮೂಲೆಯಲ್ಲಿ ಹಳೆಯ ದಿಂಬಿನ ಗವಸಿನಲ್ಲಿ ಕಟ್ಟಿದ ಮರಳಿನ ಗಂಟು, ತಲೆಯಷ್ಟು ಗಾತ್ರದ್ದು. ಮ್ಯಾನೇಜರ್ ಮತ್ತು ದರ್ಜಿಯನ್ನು ಪಂಚರನ್ನಾಗಿ ಕರೆದು ಮಧ್ಯಾಹ್ನ ಹನ್ನೆರಡೂವರೆಗೆ ಪಂಚನಾಮೆ ಆರಂಭಿಸಿದರು.

ಟೋಕನ್ ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಓಡಲಿಲ್ಲ. ಯಾರೂ ಕೇಳುವ ಮೊದಲೇ, “ಆ ಗವಸು ನಮ್ಮನೇದು,” ಎಂದರು.

ಮ್ಯಾನೇಜರನ ಕೋಣೆಯಲ್ಲಿ ವಿಚಾರಣೆ ನಡೆಯಿತು. ಇನ್‌ಸ್ಪೆಕ್ಟರ್ ಮೊದಲ ಬಾರಿಗೆ ಕುರ್ಚಿ ಎಳೆದು ಕೂತರು.

“ಯಾಕಮ್ಮ?”

“ನೋಡಬೇಕಿತ್ತು.”

“ಏನನ್ನ?”

“ಯಾವುದು ಒಡೆಯುತ್ತೆ, ಯಾವುದು ಉಳಿಯುತ್ತೆ ಅಂತ. ಮಗಳು ಶೋರೂಮಿನ ಕೆಂಪು ಹೆಲ್ಮೆಟ್ ಕೇಳಿದ್ದಳು. ತಲೆ ಒಂದೇ, ಅದಕ್ಕೆ ಅಷ್ಟು ಯಾಕೆ ಅಂತ ನಾನೇ ಫುಟ್‌ಪಾತಿನದು ಕೊಡಿಸಿದೆ. ಲಾರಿ…” ಮಹಿಳಾ ಪೇದೆ ನೀರು ಕೊಟ್ಟಳು. “ಮಣ್ಣು ಮಾಡಿ ಮನೆಗೆ ಬಂದ ದಿನ ನಮ್ಮ ಯಜಮಾನರು ಕೇಳಿದರು, ತಲೆಗಿಂತ ದುಡ್ಡು ಹೆಚ್ಚಾಯ್ತಾ ನಿನಗೆ ಅಂತ. ಅದೇ ಕೊನೆ. ಆಮೇಲೆ ನನ್ನ ಹತ್ರ ಮಾತಾಡಿಲ್ಲ.”

“ಕಂಡೋರ ಹೆಲ್ಮೆಟ್ ಯಾಕೆ?”

“ದುಬಾರಿದು ನಾನೆಲ್ಲಿಂದ ತರಲಿ? ಒಂದು ರಾತ್ರಿ ಇಟ್ಕೊಂಡು ಕೊಡ್ತಿದ್ದೆ. ಬಿರುಕು ಬಿಟ್ಟದ್ದಕ್ಕೆ ನನ್ನ ಸಂಬಳದಲ್ಲಿ ಹೊಸದು ತಂದಿಟ್ಟಿದೀನಿ. ಉಳಿದವನ್ನ ಒರೆಸಿ, ಗೀರು ಕಾಣದ ಹಾಗೆ ಬಣ್ಣ ಹಚ್ಚಿ ವಾಪಸ್ ಕೊಟ್ಟಿದೀನಿ. ಒಬ್ಬರದನ್ನೂ ಕದ್ದಿಲ್ಲ ಸಾರ್.”

ಇನ್‌ಸ್ಪೆಕ್ಟರ್ ಕುರ್ಚಿಯನ್ನು ಅವರ ಹತ್ತಿರಕ್ಕೆ ಸರಿಸಿದರು. ಆಮೇಲೆ ನಿಧಾನವಾಗಿ ಹೇಳಿದರು: “ಕದ್ದು ಮನೇಲಿ ಇಟ್ಕೊಂಡಿದ್ದರೆ ಯಾರಿಗೂ ಏನೂ ಆಗ್ತಿರಲಿಲ್ಲಮ್ಮ. ಒಂದು ಸಲ ಪೆಟ್ಟು ತಿಂದ ಹೆಲ್ಮೆಟ್ ಎರಡನೇ ಸಲ ಕಾಯಲ್ಲ. ಆ ಲಿಫ್ಟ್ ಹುಡುಗ ರಜೆ ಹಾಕಿಲ್ಲ. ಐಸಿಯುನಲ್ಲಿದಾನೆ.”

ಟೋಕನ್ ಅಕ್ಕ ಇದ್ದಕ್ಕಿದ್ದಂತೆ ಮೇಜು ಹಿಡಿದು ಎದ್ದರು.

“ಸಾರ್, ನೀಲಿದು. ಕೊರಿಯರ್ ಹುಡುಗಿದು. ಇವತ್ತು ಬೆಳಿಗ್ಗೆ ವಾಪಸ್ ಕೊಟ್ಟೆ. ಹಾಕ್ಕೊಂಡು ಹೋದಳು.”

ಮಹಿಳಾ ಪೇದೆ ಆಗಲೇ ಫೋನ್ ಹಿಡಿದಿದ್ದಳು. ಕೊರಿಯರ್ ಕಚೇರಿಯವರು ನಂಬರ್ ಕೊಟ್ಟರು. ಆ ನಂಬರ್ ರಿಂಗ್ ಆಗಿ ಆಗಿ ನಿಂತಿತು. ಗಾಡಿ ಓಡಿಸುವಾಗ ಅವಳು ಫೋನ್ ಎತ್ತುವುದಿಲ್ಲ, ಬಹಳ ಶಿಸ್ತಿನ ಹುಡುಗಿ ಎಂದು ಕಚೇರಿಯವರು ಹೆಮ್ಮೆಯಿಂದ ಹೇಳಿದರು. ಅವಳ ಮುಂದಿನ ವಿಳಾಸಗಳನ್ನು ಬರೆದುಕೊಂಡು ದಫೇದಾರರು ಬೈಕ್ ಹತ್ತಿದರು, ಇನ್‌ಸ್ಪೆಕ್ಟರ್ ಜೀಪು. ಮೊದಲ ವಿಳಾಸದಿಂದ ಅವಳು ಆಗಲೇ ಹೊರಟಿದ್ದಳು. ಎರಡನೆಯದು ದಂತವೈದ್ಯರ ಕ್ಲಿನಿಕ್, ಅಲ್ಲಿಗೆ ಇನ್ನೂ ಬಂದಿರಲಿಲ್ಲ. ಮತ್ತೆ ಮಳೆ ಹನಿಯತೊಡಗಿತು. ಇನ್‌ಸ್ಪೆಕ್ಟರ್ ಕ್ಲಿನಿಕ್ಕಿನ ಎದುರು ರಸ್ತೆಯ ನಡುವೆಯೇ ನಿಂತು, ಬರುವ ಪ್ರತಿ ದ್ವಿಚಕ್ರ ವಾಹನದ ಸವಾರನ ತಲೆಯನ್ನೇ ನೋಡುತ್ತಿದ್ದರು. ಕಪ್ಪು, ಬಿಳಿ, ಬೂದು. ಯಾರೋ ಹಾರ್ನ್ ಮಾಡಿ ಬೈದುಕೊಂಡು ಹೋದರು.

ವೈರ್‌ಲೆಸ್ಸಿನಲ್ಲಿ ದಫೇದಾರರ ಏದುಸಿರು ಕೇಳಿಸಿತು. “ಸಿಕ್ಕಿದಳು ಸಾರ್. ಪೆಟ್ರೋಲ್ ಬಂಕಿನಲ್ಲಿ. ಫೈನ್ ಹಾಕೋಕೆ ಬಂದೆ ಅಂತ ಜಗಳ ಆಡ್ತಿದಾಳೆ. ಹೆಲ್ಮೆಟ್ ಹಾಕ್ಕೊಂಡೋರನ್ನೂ ಹಿಡೀತೀರಾ ಅಂತಾಳೆ.”

“ಆಡಲಿ ಬಿಡಿ. ಅವಳ ತಲೆಗೆ ನಿಮ್ಮದು ಕೊಡಿ.”

“ಕೊಟ್ಟೆ. ಅಗ್ಗದ್ದು ಅಂತ ಮೂಗು ಮುರಿದಳು.”

ಸಾಯಂಕಾಲ ನಾಲ್ಕಕ್ಕೆ ಟೋಕನ್ ಅಕ್ಕನ ದಸ್ತಗಿರಿಯಾಯಿತು. ಆಸ್ಪತ್ರೆಯಿಂದ ಬಂದ ಸುದ್ದಿಯನ್ನು ಮಹಿಳಾ ಪೇದೆ ಅವರಿಗೆ ತಿಳಿಸಿದಳು: ಲಿಫ್ಟ್ ಮೆಕ್ಯಾನಿಕ್ ಕಣ್ಣು ಬಿಟ್ಟಿದ್ದಾನೆ, ತಂಗಿಯ ಗುರುತು ಮಾತ್ರ ಇನ್ನೂ ಹತ್ತಿಲ್ಲ. ಅವರು ಸೆರಗಿನಿಂದ ಮುಖ ಮುಚ್ಚಿಕೊಂಡರು.

“ಒಂದು ಕೇಳ್ತೀನಿ,” ಎಂದರು ಇನ್‌ಸ್ಪೆಕ್ಟರ್. “ನಿಮಗೆ ಉತ್ತರ ಸಿಕ್ತಾ?”

“ಮೂರನೇದಕ್ಕೇ ಸಿಕ್ತು. ಅಗ್ಗದ್ದು, ದುಬಾರಿದು ಎರಡೂ ಹೆಚ್ಚುಕಮ್ಮಿ ಒಂದೇ ಥರ.”

“ಮತ್ತೆ ಯಾಕೆ ನಿಲ್ಲಿಸಲಿಲ್ಲ?”

“ಮನೆಗೆ ಹೋಗಿ ನಮ್ಮ ಯಜಮಾನರಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತಲಿಲ್ಲ. ಸರಿಯಾಗಿ ನೋಡಿಲ್ಲವೇನೋ ಅಂತ ಇನ್ನೊಂದು ತಗೊಂಡೆ. ಅದನ್ನೂ ಹೇಳಿದೆ. ಆಮೇಲೆ ಮತ್ತೊಂದು.”

ದಸ್ತಗಿರಿಯ ವಿಷಯವನ್ನು ಮನೆಯವರಿಗೆ ತಿಳಿಸಬೇಕಿತ್ತು. ಪೇದೆಯನ್ನು ಕಳಿಸಬಹುದಿತ್ತು, ಇನ್‌ಸ್ಪೆಕ್ಟರ್ ತಾವೇ ಹೋದರು. ಎರಡನೇ ಮಹಡಿಯ ಸಣ್ಣ ಮನೆ. ಬಾಗಿಲು ತೆರೆದ ಗಂಡಸು ಕನ್ನಡಕ ಹಣೆಗೇರಿಸಿ, ಪೂರ್ತಿ ಕೇಳಿಸಿಕೊಂಡರು. ಒಳಗೆ ಬನ್ನಿ ಎನ್ನಲಿಲ್ಲ.

“ಯಾವುದು ಗಟ್ಟಿ ಅಂತ ಅವಳಿಗೆ ಗೊತ್ತಾಯ್ತಂತಾ?” ಎಂದರು ಕೊನೆಗೆ.

“ಎರಡೂ ಒಂದೇ ಅಂತೆ. ನಿಮಗೆ ಹೇಳಿದ್ದರಂತೆ.”

ಅವರು ಹೊಸ್ತಿಲ ಮೇಲೆ ಕುಸಿದು ಕೂತರು. “ಅವತ್ತು ಆಸ್ಪತ್ರೇಲಿ ಡಾಕ್ಟರು ನನ್ನನ್ನ ಪಕ್ಕಕ್ಕೆ ಕರೆದು ಹೇಳಿದ್ದರು. ಚಕ್ರ ಎದೆ ಮೇಲೆ ಹರಿದಿದೆ, ತಲೆಗೆ ಏನೂ ಆಗಿಲ್ಲ ಅಂತ. ಹೆಲ್ಮೆಟ್ ನೆಟ್ಟಗಿತ್ತು ಸಾರ್.”

“ಮತ್ತೆ ಅವರನ್ನ ಯಾಕೆ ದೂರಿದಿರಿ?” ಎಂದರು ಇನ್‌ಸ್ಪೆಕ್ಟರ್.

“ಯಾರ ಮೇಲಾದರೂ ತಪ್ಪು ಹಾಕಬೇಕಿತ್ತು,” ಎಂದರು ಅವರು. “ಲಾರಿಯವನು ಸಿಗಲಿಲ್ಲ. ಇವಳು ಎದುರಿಗಿದ್ದಳು.”

ಕೆಳಗೆ ಜೀಪಿನ ಇಂಜಿನ್ ಇನ್ನೂ ಓಡುತ್ತಿತ್ತು. ಇನ್‌ಸ್ಪೆಕ್ಟರ್ ಬಾಗಿ ಅವರ ತೋಳು ಹಿಡಿದು ಎಬ್ಬಿಸಿದರು.

“ಇದನ್ನ ನನಗೆ ಹೇಳಿ ಪ್ರಯೋಜನ ಇಲ್ಲ. ಅಂಗಿ ಹಾಕ್ಕೊಂಡು ಬನ್ನಿ.”

ಅವರು ಒಳಗೆ ಹೋದರು. ಗುಂಡಿಗಳನ್ನು ಅಡ್ಡಾದಿಡ್ಡಿ ಹಾಕಿಕೊಂಡು ಹೊರಬಂದು, ಬಾಗಿಲಿಗೆ ಬೀಗ ಹಾಕುವುದನ್ನೂ ಮರೆತು, ಇನ್‌ಸ್ಪೆಕ್ಟರಿಗಿಂತ ಮುಂದಾಗಿ ಮೆಟ್ಟಿಲಿಳಿಯತೊಡಗಿದರು.