ಬೆಟ್ಟಯ್ಯನಿಗೆ ಮದ್ದಿಕ್ಕಿದವರು ಯಾರು?

ಗಂಟು ಸಿಕ್ಕಿದ್ದು ಉಪ್ಪಿನ ಗಡಿಗೆಯಲ್ಲಿ. ಹಳೇ ಸೀರೆಯ ಚೂರು, ಅದರೊಳಗೆ ಒಣಗಿದ ಬಳ್ಳಿಯ ತುಂಡುಗಳು.

"ನೋಡಿ ಸಾಮೀ, ನನ್ ಮಗನಿಗೆ ಮದ್ದಿಕ್ಕಿರೋಳು ಇವಳೇ!" ಸಾಕಮ್ಮ ಅದನ್ನು ಡಾಕ್ಟರ ಮುಂದೆ ಎಸೆದಳು. "ಗಾಡಿ ಕಟ್ಸಿವ್ನಿ. ಎಡತಲೆ ಊರ್ಗೆ, ಅವಳಪ್ಪನ ಮನೆಗೆ ಓಗ್ಲಿ. ಇನ್ನು ಈ ಒಸ್ಲು ತುಳಿಯಂಗಿಲ್ಲ."

ಸೊಸೆ ಚಿಕ್ಕಬಸಮ್ಮ ಕಂಬ ಹಿಡಿದು ನಿಂತಿದ್ದಳು. ಒಳಗೆ ಚಾಪೆಯ ಮೇಲೆ ಅವಳ ಗಂಡ ಬೆಟ್ಟಯ್ಯ. ವಿಚಿತ್ರ ಜ್ವರ—ಏರುತ್ತದೆ, ಬೆವರಿ ಇಳಿಯುತ್ತದೆ, ಎದ್ದು ನೇಗಿಲು ಹಿಡಿಯುವಷ್ಟರಲ್ಲಿ ಮತ್ತೆ ಏರುತ್ತದೆ. ಕ್ವಿನೈನಿಗೂ ಬಗ್ಗಲಿಲ್ಲ, ನಂಜುಂಡಪ್ಪನ ಹರಕೆಗೂ ಬಗ್ಗಲಿಲ್ಲ.

ನರಸೀಪುರದ ಡಾಕ್ಟರು ಸಂಪತ್ತಯ್ಯಂಗಾರರು ಒಂದು ತುಂಡನ್ನು ಬಾಯಿಗೆ ಹಾಕಿಕೊಂಡರು. ಅವರ ಕಾಂಪೌಂಡರಾದ ನಾನು ತಡೆಯಲು ಕೈ ಚಾಚುವಷ್ಟರಲ್ಲಿ ಅಗಿದಾಗಿತ್ತು.

"ಅಮೃತಬಳ್ಳಿ," ಅಂದರು. "ಯಾಕೆ ಬಚ್ಚಿಟ್ಟೆ, ತಾಯಿ?"

"ಜ್ವರ ಬುಡ್ಲಿ ಅಂತ ನಮ್ಮವ್ವ ಕೊಟ್ಟಿದ್ದು. ಅತ್ತೆಮ್ಮ ಬಯ್ತದೆ ಅಂತ..."

ಡಾಕ್ಟರು ಅತ್ತೆಯ ಕಡೆ ತಿರುಗಿದರು. "ಇವಳ ಕೈಯಡುಗೆ ನೀನೂ ಉಣ್ಣುತ್ತೀಯಲ್ಲ? ಬೆಟ್ಟಯ್ಯನೊಬ್ಬನಿಗೇ ಕೊಡುವುದು ಏನಾದರೂ ಇದೆಯೆ?"

ಸಾಕಮ್ಮನ ಮುಖ ಅರಳಿತು. "ನೊರೆಹಾಲು! ದಿನಾ ನಾನೇ ಮೇಕೆ ಕರ್ದು, ನೊರೆ ಆರೋಕ್ ಮುಂಚೆ ಕುಡುಸ್ತೀನಿ. ಅದ್ರಿಂದ್ಲೇ ಜೀವ ಇಡ್ಕೊಂಡವ್ನೆ."

"ಕಾಯಿಸದೆ?"

"ಕಾಯ್ಸಿದ್ರೆ ಸತ್ವ ಉಳೀತದಾ? ಓದ್ದೋರು ನೀವು, ಇಷ್ಟೂ ಗೊತ್ತಿಲ್ವಾ!"

ಒಳಗಿಂದ ಬೆಟ್ಟಯ್ಯ ನಕ್ಕ. "ಮೀಸೆ ಬಂದೋನ್ಗೂ ಆಲು ಕುಡುಸ್ತಾಳೆ ಸಾ, ನಮ್ಮವ್ವ."

ಡಾಕ್ಟರು ಹಿತ್ತಿಲಿಗೆ ಹೋಗಿ ಮೇಕೆಯನ್ನು ನೋಡಿ ಬಂದರು. ಬೆಂಗಳೂರಿಗೆ ಪರೀಕ್ಷೆಗೆ ಕಳಿಸಲು ಬೆಟ್ಟಯ್ಯನ ತೋಳಿನಿಂದ ರಕ್ತ ತೆಗೆದರು. "ಗಾಡಿ ಬಿಚ್ಚಿಸು, ಸಾಕಮ್ಮ. ಬೆಂಗಳೂರಿನಿಂದ ಉತ್ತರ ಬರುವವರೆಗೆ ಸೊಸೆ ಇಲ್ಲೇ ಇರಲಿ. ನೊರೆಹಾಲು ಮಾತ್ರ ಬೇಡ."

ಉತ್ತರ ಬಂದ ದಿನ ಮತ್ತೆ ಸೋಸಲೆಗೆ, ಸಾಕಮ್ಮನ ಮನೆಗೆ ಹೋದೆವು.

"ಕಳ್ಳ ಸಿಕ್ಕಿದ," ಅಂದರು ಡಾಕ್ಟರು. "ಮೇಕೆಯ ಹಾಲಿನಲ್ಲಿದ್ದ ಕ್ರಿಮಿ, ಕಣ್ಣಿಗೆ ಕಾಣದು. ಬೆಂಗಳೂರಿನಲ್ಲಿ ಪರೀಕ್ಷೆಗೆಂದು ಸಾಕಿಟ್ಟ ಅದೇ ಜಾತಿಯ ಕ್ರಿಮಿಗಳಿಗೆ, ಬೆಟ್ಟಯ್ಯನ ರಕ್ತ ಹೆಪ್ಪುಗಟ್ಟಿ ಮೇಲೆ ನಿಂತ ತಿಳಿಯನ್ನು ಬೆರೆಸಿದೊಡನೆ ಅವು ಗುಂಪುಗಟ್ಟಿದವಂತೆ. ಅಂದರೆ ರಕ್ತಕ್ಕೆ ಕಳ್ಳನ ಗುರುತಿದೆ."

"ಗುರ್ತಿದ್ದೂ ಯಾಕ್ ಇಡೀಲಿಲ್ಲ?" ಚಿಕ್ಕಬಸಮ್ಮ ಕೇಳಿದಳು.

"ಅದೇ ಈ ಕಳ್ಳನ ಚಾಲಾಕಿ! ಮೈಯಲ್ಲಿ ಕಾವಲು ಕಣಗಳಿವೆ, ಹೊಕ್ಕ ಕ್ರಿಮಿಯನ್ನು ನುಂಗಿ ಅರಗಿಸುತ್ತವೆ. ಇವನನ್ನೂ ನುಂಗಿದವು. ಇವನು ಅರಗಲಿಲ್ಲ—ಕಾವಲುಗಾರನ ಹೊಟ್ಟೆಯಲ್ಲೇ ಸಂಸಾರ ಹೂಡಿದ. ರಕ್ತದ ತಿಳಿ ಅಲ್ಲಿಗೆ ಮುಟ್ಟದು. ಹೊರಬಿದ್ದಾಗ ಮೈ ಹೋರಾಡುತ್ತದೆ, ಜ್ವರ. ಒಳಸೇರಿದರೆ ಇಳಿಯುತ್ತದೆ."

"ಮೇಕೆಯ ಮೇಲೆ ಹೇಗೆ ಅನುಮಾನ ಬಂತು?" ಅಂದೆ ನಾನು.

"ಕೆಚ್ಚಲು ತುಂಬ ಹಾಲಿತ್ತು. ಮರಿ ಎಲ್ಲಿತ್ತಯ್ಯ?"

ಸಾಕಮ್ಮನ ದನಿ ತಗ್ಗಿತು. "ದಿನ ತುಂಬೋಕ್ ಮುಂಚೆ ಕಂದು ಆಕ್ತು, ಮರಿ ಸತ್ತೇ ಬಿತ್ತು."

"ಈ ಕ್ರಿಮಿ ಮೇಕೆಗೆ ಮಾಡುವುದೇ ಅದು."

"ಅಂಗಾರೆ... ಮದ್ದಿಕ್ಕಿದೋಳು ನಾನೇ."

"ಇಕ್ಕಿದ್ದು ಕ್ರಿಮಿ, ಸಾಕಮ್ಮ. ನೀನು ಕೊಟ್ಟದ್ದು ಹಾಲು."

"ಬದುಕ್ತಾನಾ?"

"ನುಂಗಿದ್ದನ್ನು ಅರಗಿಸಲು ಕಾವಲು ಕಣಗಳು ಮೆಲ್ಲಗೆ ಕಲಿಯುತ್ತವೆ. ಆರೈಕೆ ಬೇಕು. ಹಾಲು ಉಕ್ಕುವ ಹಾಗೆ ಕಾಯಿಸಬೇಕು."

ಸಾಕಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಸೊಸೆಯ ಕಡೆ ನೋಡದೆ ಹಾಲಿನ ಚೊಂಬನ್ನು ಅವಳ ಕೈಗಿಟ್ಟಳು.

"ನೀನೇ ಕಾಯ್ಸಿ ನೀನೇ ಕುಡ್ಸು, ಮಗಾ. ಉಕ್ಕೋಗಂಟ ಕಾಯೋ ತಾಳ್ಮೆ ನಂಗಿಲ್ಲ."